ಜೂನ್ ಒಂದರ ಅರ್ಧ ಗಂಟೆ

ಆ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಿದವಳು ನಾನೇ. ಹುಮನಾಬಾದಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಕೆಲಸಕ್ಕೆ ಸೇರಿ ಆಗ ನನಗೆ ಎರಡು ವರ್ಷವಾಗಿತ್ತು. ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ನಮ್ಮ ಆಡಳಿತ ಮಂಡಳಿಯವರು ಕಾಲೇಜಿನ ಜೊತೆಗೆ ಒಂದು ಹೈಸ್ಕೂಲು, ಒಂದು ಪ್ರಾಥಮಿಕ ಶಾಲೆಯನ್ನೂ ನಡೆಸುತ್ತಿದ್ದರು. ಎಲ್ಲ ನೌಕರರ ಹುಟ್ಟಿದ ತಾರೀಖು, ನಿವೃತ್ತಿಯ ತಾರೀಖು ಒಂದೇ ಕಡೆ ಬೇಕೆಂದು ಪ್ರಾಚಾರ್ಯರು ಹೇಳಿದಾಗ ನಾನು ಉತ್ಸಾಹದಿಂದ ಒಪ್ಪಿಕೊಂಡೆ. ಬ್ರೌಸರಿನಲ್ಲಿ ತೆರೆಯುವ ಒಂದು ಪುಟ ಬರೆದೆ. ಹುಟ್ಟಿದ ತಾರೀಖು ತುಂಬಿದರೆ ಸಾಕು, ಉಳಿದದ್ದನ್ನು ಅದೇ ಹಾಕಿಕೊಂಡು ಪಟ್ಟಿ ಮಾಡುತ್ತಿತ್ತು. ಮುದ್ರಿಸಿ, ಗೋಂದು ಬಳಿದು, ಬೋರ್ಡಿಗೆ ಅಂಟಿಸಿ ಪಾಠಕ್ಕೆ ಹೋದೆ.

ಮಧ್ಯಾಹ್ನದ ಹೊತ್ತಿಗೆ ಹೆಡ್ ಕ್ಲಾರ್ಕ್ ಸಾಹೇಬರು ಲ್ಯಾಬಿನ ಬಾಗಿಲಿಗೆ ಬಂದು ನಿಂತರು. ಬಿಳಿ ಪೈಜಾಮ, ಬಿಳಿ ಅಂಗಿ, ಕಿವಿಯ ಮೇಲೊಂದು ಪೆನ್ಸಿಲು. ಇಡೀ ಸಂಸ್ಥೆಯ ದಾಖಲೆಗಳು ಅವರ ಕೈಬರಹದಲ್ಲೇ ಇದ್ದವು.

"ಏನ್ರಿ ಮೇಡಂ, ನಮಗೆಲ್ಲರಿಗೂ ಒಂದಿನ ಮೊದಲೇ ಹುಟ್ಟಿಸೀರಲ್ಲ?" ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಕೈ ಹಿಡಿದು ಎಳೆಯಲಿಲ್ಲ ಅಷ್ಟೇ, ಮುಂದೆ ನಡೆದು ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿದರು. ಅಲ್ಲಿ ಆಗಲೇ ಏಳೆಂಟು ಮಾಸ್ತರರು ಸೇರಿದ್ದರು. ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಹುಟ್ಟಿದ ತಾರೀಖು ಮೇ ಮೂವತ್ತೊಂದು ಎಂದಿತ್ತು.

ನಮ್ಮ ಕಡೆ ಹಿಂದಿನವರ ಹುಟ್ಟಿದ ತಾರೀಖನ್ನು ಯಾರೂ ಬರೆದಿಡುತ್ತಿರಲಿಲ್ಲ. ಶಾಲೆಗೆ ಸೇರಿಸಲು ಬಂದ ಮಗುವನ್ನು ಮಾಸ್ತರರು ಒಮ್ಮೆ ನೋಡುತ್ತಿದ್ದರು, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸುತ್ತಿದ್ದರು, ಮುಟ್ಟಿದರೆ ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ಹೀಗಾಗಿ ನಮ್ಮ ಸಂಸ್ಥೆಯ ಹಿರಿಯರಲ್ಲಿ ಬಹುಪಾಲು ಜನ ಜೂನ್ ಒಂದರಂದು ಹುಟ್ಟಿದವರು. ನನ್ನ ಪುಟ ಅವರನ್ನೆಲ್ಲ ಒಟ್ಟಿಗೆ ಹಿಂದಿನ ದಿನಕ್ಕೆ ನೂಕಿತ್ತು.

"ನಾ ಟೈಪ್ ಮಾಡುವಾಗ ತಪ್ಪಾಗಿರಬೇಕ್ರಿ ಸಾಹೇಬ್ರ" ಎಂದೆ.

"ಇಷ್ಟು ಜನರ ಹೆಸರಿಗೂ ಒಂದೇ ತಪ್ಪು ಹ್ಯಾಂಗ ಆಗ್ತದ್ರಿ? ನನಗ ಅನ್ನಿಸ್ತದ, ನಮ್ಮ ತಾರೀಖು ಸುಳ್ಳದ ಅಂತ ನಿಮ್ಮ ಮಶಿನ್‌ಗೆ ಗೊತ್ತಾಗ್ಯಾದ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಸಾಹೇಬರು ನಗಲಿಲ್ಲ. ನಂತರ ಆಫೀಸಿನಲ್ಲಿ ಒಬ್ಬಳೇ ಸಿಕ್ಕಾಗ ನನಗೆ ಹೇಳಿದರು: "ನಾ ಕೊಹಿನೂರ ಅನ್ನೂ ಹಳ್ಳಿಯಾಗ ಹುಟ್ಟಿದಂವ. ಜೋಳದ ರಾಶಿ ಟೈಮಿಗೆ ಹಡದೀನಿ ಅಂತಿದ್ಳು ನಮ್ಮವ್ವ. ರಜಾಕಾರರ ಗದ್ದಲದಾಗ ನನ್ನನ್ನ ಹೆಗಲ ಮ್ಯಾಲೆ ಹಾಕ್ಕೊಂಡು ಸೊಲ್ಲಾಪುರದ ಕಡಿ ಓಡಿದ್ಳಂತ. ಜೂನ್ ಒಂದು ಸುಳ್ಳೇ ಅದ. ಆದ್ರ ಅದು ಕಾಗದದಾಗ ಕೂತ ಸುಳ್ಳು ಮೇಡಂ. ಪಿಂಚಣಿ ಕೊಡೋರು ಅದನ್ನೇ ನೋಡ್ತಾರ. ಅದನ್ನ ಅಳ್ಳಾಡಸಬ್ಯಾಡ್ರಿ."

ಪಟ್ಟಿಯನ್ನು ಬೋರ್ಡಿನಿಂದ ಕಿತ್ತುಕೊಂಡು ಬಂದೆ.

ಒಂದು ವಾರ ನನ್ನ ಪುಟದಲ್ಲೇ ತಪ್ಪು ಹುಡುಕಿದೆ. ದಿನವೂ ಬಸವಕಲ್ಯಾಣದಿಂದ ಹುಮನಾಬಾದಿಗೆ ಬಸ್ಸಿನಲ್ಲಿ ಹೋಗಿ ಬರುವಾಗ ಮುದ್ರಿಸಿದ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಸಾಲುಸಾಲಾಗಿ ಓದುತ್ತಿದ್ದೆ. ತಪ್ಪು ಸಿಗಲಿಲ್ಲ. ಆದರೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಎಪ್ಪತ್ತನೇ ಇಸವಿಯ ನಂತರ ಹುಟ್ಟಿದ ಕಿರಿಯ ಉಪನ್ಯಾಸಕರ ತಾರೀಖು ಸರಿಯಾಗಿಯೇ ಇತ್ತು. ಅದಕ್ಕೂ ಮುಂಚೆ ಹುಟ್ಟಿದವರದು ಮಾತ್ರ ಕೆಟ್ಟಿತ್ತು. ತಾರೀಖಿನ ಜೊತೆಗೆ ಗಂಟೆಯನ್ನೂ ತೋರಿಸುವಂತೆ ಪುಟವನ್ನು ಬದಲಿಸಿದಾಗ ಸಾಹೇಬರ ಹೆಸರಿನ ಮುಂದೆ ಮೇ ಮೂವತ್ತೊಂದು, ರಾತ್ರಿ ಹನ್ನೊಂದೂವರೆ ಎಂದು ಬಂತು.

ಅರ್ಧ ಗಂಟೆ! ಅಲ್ಲಿ ನನಗೆ ದಾರಿ ಸಿಕ್ಕಿತು.

ಕಂಪ್ಯೂಟರು ಕಾಲವನ್ನು ಎಣಿಸಲು ಶುರು ಮಾಡುವುದು ಎಪ್ಪತ್ತನೇ ಇಸವಿಯ ಮೊದಲ ದಿನದಿಂದ, ಅದೂ ಇಂಗ್ಲೆಂಡಿನ ಗಡಿಯಾರದ ಪ್ರಕಾರ. ಅದಕ್ಕಿಂತ ಹಿಂದಿನದೆಲ್ಲ ಋಣ ಸಂಖ್ಯೆ. ನಮ್ಮ ದೇಶ ಆ ಗಡಿಯಾರಕ್ಕಿಂತ ಐದೂವರೆ ಗಂಟೆ ಮುಂದಿದೆ. ಬ್ರೌಸರಿನ ಒಳಗೆ ಪುಟಗಳ ಸ್ಕ್ರಿಪ್ಟನ್ನು ಓದಿ ನಡೆಸುವ ಒಂದು ಎಂಜಿನ್ ಇರುತ್ತದೆ. ಅದು ನಮ್ಮ ತಾರೀಖನ್ನು ಒಳಗೆ ತೆಗೆದುಕೊಳ್ಳುವಾಗ ಐದೂವರೆ ಗಂಟೆ ಕಳೆಯುತ್ತಿತ್ತು, ಹೊರಗೆ ಕೊಡುವಾಗ, ಹಳೆಯ ತಾರೀಖಾದರೆ, ಐದೇ ಗಂಟೆ ಕೂಡಿಸುತ್ತಿತ್ತು. ಜೂನ್ ಒಂದರ ಶುರುವಿನಲ್ಲಿ ನಿಂತವನು ಅರ್ಧ ಗಂಟೆ ಹಿಂದೆ ಸರಿದರೆ ಬೀಳುವುದು ಮೇ ತಿಂಗಳಿಗೇ. ಹಾಗಾದರೆ ತಪ್ಪು ನನ್ನದಲ್ಲ, ಬ್ರೌಸರಿನದು. ಮೊದಲು ನೆಮ್ಮದಿಯಾಯಿತು. ಆಮೇಲೆ ಇದನ್ನು ಯಾರಿಗೆ ಹೇಳುವುದು ಎಂಬ ಯೋಚನೆ ಬಂತು.

ನಾವು ಬಳಸುತ್ತಿದ್ದದ್ದು ಯಾರು ಬೇಕಾದರೂ ತೆರೆದು ನೋಡಬಹುದಾದ, ತಿದ್ದಬಹುದಾದ ಬ್ರೌಸರು. ಅದನ್ನು ಊರೂರಿನ ಜನ ಸೇರಿ ಬರೆಯುತ್ತಿದ್ದರು. ಆದರೆ ಅದರ ಇಡೀ ಕೋಡನ್ನು ನಮ್ಮ ಫೋನ್ ಲೈನಿನಲ್ಲಿ ಇಳಿಸಿಕೊಳ್ಳುವುದು ಆಗದ ಮಾತು. ಹೈದರಾಬಾದಿನ ಕಂಪ್ಯೂಟರ್ ಉತ್ಸಾಹಿಗಳ ಒಂದು ಗುಂಪಿಗೆ ಪತ್ರ ಬರೆದೆ. ಅವರು ಕೋಡಿರುವ ಒಂದು ಸಿ.ಡಿ.ಯನ್ನು ರಟ್ಟಿನ ನಡುವೆ ಇಟ್ಟು ಅಂಚೆಯಲ್ಲಿ ಕಳಿಸಿದರು.

ಆ ಕೋಡಿನಿಂದ ಇಡೀ ಬ್ರೌಸರನ್ನು ಕಟ್ಟಲು ನಮ್ಮ ಯಂತ್ರಕ್ಕೆ ಎರಡು ದಿನ ಬೇಕಿತ್ತು, ಕರೆಂಟು ಅಷ್ಟು ಹೊತ್ತು ಎಂದೂ ಇರುತ್ತಿರಲಿಲ್ಲ. ಪುಣ್ಯಕ್ಕೆ ಆ ಎಂಜಿನ್ನನ್ನು ಮಾತ್ರ ಬೇರೆಯಾಗಿ ಕಟ್ಟಲು ಬರುತ್ತಿತ್ತು. ಒಂದು ಪಾಠ ಮುಗಿಸಿ ಬರುವಷ್ಟರಲ್ಲಿ ಅದು ತಯಾರಾಗುತ್ತಿತ್ತು. ತಾರೀಖಿನ ಕೋಡಿದ್ದ ಕಡತ ದೊಡ್ಡದು, ಹಳೆಯದು. ಯಾರೋ ಬರೆದು, ಇನ್ಯಾರೋ ತಿದ್ದಿ, ಮೂರನೆಯವರು 'ಇಲ್ಲಿ ಎಚ್ಚರ' ಎಂದು ಟಿಪ್ಪಣಿ ಹಾಕಿ ಕೈಬಿಟ್ಟಿದ್ದರು. ನಿಮಿಷಗಳನ್ನು ಗಂಟೆ ಮಾಡುವಾಗ ಭಾಗಾಕಾರದಲ್ಲಿ ಉಳಿದ ಶೇಷ ಋಣ ಸಂಖ್ಯೆಗಳ ಕಡೆ ಬಿದ್ದುಹೋಗುತ್ತಿತ್ತು. ನಾಲ್ಕು ಸಾಲು ತಿದ್ದಿದೆ. ಸಾಹೇಬರ ತಾರೀಖು ಜೂನ್ ಒಂದಕ್ಕೆ ವಾಪಸು ಬಂತು.

ತಿದ್ದುಪಡಿಯನ್ನು, ಅಂದರೆ ಪ್ಯಾಚನ್ನು, ಬ್ರೌಸರ್ ಬರೆಯುವವರ ಪುಟದಲ್ಲಿ ದೋಷದ ವರದಿಯ ಜೊತೆ ಹಾಕಿದೆ. ನಾಲ್ಕು ದಿನದ ನಂತರ ಉತ್ತರ ಬಂತು. ಆ ಎಂಜಿನ್ನಿನ ಪರಿಶೀಲಕರೊಬ್ಬರು, ದೂರದ ದೇಶದ ಒಬ್ಬ ಹಿರಿಯರು, ಬರೆದಿದ್ದರು. 'ಚೆನ್ನಾಗಿದೆ. ಈ ತಪ್ಪು ಮತ್ತೆ ಬಂದರೆ ತಾನಾಗಿ ಗೊತ್ತಾಗುವಂತೆ ಒಂದು ಪರೀಕ್ಷೆಯನ್ನೂ ಬರೆದುಕೊಡಿ' ಎಂದಿದ್ದರು. ಬರೆದುಕೊಟ್ಟೆ. ಅವರು ಒಪ್ಪಿ ಸೇರಿಸಿದರು. ಆಮೇಲೆ ತಾರೀಖಿಗೆ ಸಂಬಂಧಿಸಿದ ಬೇರೆ ದೂರುಗಳನ್ನೂ ನನ್ನ ಕಡೆಗೆ ಕಳಿಸತೊಡಗಿದರು. ಆ ಕಡತವನ್ನು ಮುಟ್ಟಲು ಬೇರೆ ಯಾರಿಗೂ ಮನಸ್ಸಿರಲಿಲ್ಲವೆಂದು ನನಗೆ ತಡವಾಗಿ ತಿಳಿಯಿತು. ಯಾರೂ ನೇಮಿಸದೆಯೇ ನಾನು ಅದರ ಕಾವಲುಗಾರ್ತಿಯಾಗಿದ್ದೆ.

ಮನೆಯಲ್ಲಿ ಇದನ್ನು ವಿವರಿಸುವುದು ಕಷ್ಟವಾಗಿತ್ತು. ನನ್ನ ಗಂಡನದು ಬಸವಕಲ್ಯಾಣದ ಪೇಟೆಯಲ್ಲಿ ಪಾತ್ರೆ ಅಂಗಡಿ. ಅವರು ಏನೂ ಕೇಳುತ್ತಿರಲಿಲ್ಲ. ಅತ್ತೆ ಮಾತ್ರ ಕೇಳಿಯೇ ಕೇಳುತ್ತಿದ್ದರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ರೊಟ್ಟಿ ಬಡಿಯಲು ಕೂತಾಗ ಅವರ ಪ್ರಶ್ನೆಗಳು ಶುರುವಾಗುತ್ತಿದ್ದವು.

"ಪಗಾರ ಕೊಡ್ತಾರೇನು ಅವರು?"

"ಇಲ್ರಿ ಅತ್ತಿ."

"ಮತ್ತ ಯಾಕ ಮಾಡಾಕತ್ತಿ?"

"ಎಲ್ಲಾರೂ ಸೇರಿ ಮಾಡೂ ಕೆಲಸ ಅದು. ನನ್ನ ಪಾಲಿಗೆ ಇಷ್ಟು ಬಂದದ."

ಅವರು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿದರು. "ಹಂಗಿದ್ರ ದಾಸೋಹ ಅನ್ನು" ಎಂದರು. ಆಮೇಲೆ ಆ ವಿಷಯಕ್ಕೆ ತಕರಾರು ಮಾಡಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಲ್ಯಾಬಿನಲ್ಲಿ ಮೇಲ್ ತೆರೆದಾಗ ಒಂದು ಹೊಸ ದೂರು ಕಾದಿತ್ತು. ಅಟ್ಲಾಂಟಿಕ್ ಸಾಗರದ ಆಚೆ ದಡದ ಒಂದು ದ್ವೀಪದಿಂದ ಒಬ್ಬ ಗ್ರಂಥಪಾಲಕಿ ಬರೆದಿದ್ದಳು. ತನ್ನ ಊರಿನ ಹಳೆಯ ಜನನ ದಾಖಲೆಗಳನ್ನೆಲ್ಲ ಒಂದು ಪುಟದಲ್ಲಿ ಹಾಕಿದ್ದಳಂತೆ. ಬ್ರೌಸರಿನ ಪ್ರತಿದಿನದ ಪರೀಕ್ಷಾ ಆವೃತ್ತಿಯನ್ನು ಹಾಕಿಕೊಂಡಾಗಿನಿಂದ ಊರಿನ ಮುದುಕರೆಲ್ಲ ಒಂದು ದಿನ ಮೊದಲೇ ಹುಟ್ಟಿದಂತೆ ಕಾಣುತ್ತಿದೆ, ಮೊದಲು ಸರಿಯಿತ್ತು ಎಂದಿದ್ದಳು.

ಓದಿದ ಕೂಡಲೇ ಹಾಳೆ ತೆಗೆದು ಲೆಕ್ಕ ಹಾಕಿದೆ. ಅವರ ದ್ವೀಪವೂ ನಮ್ಮ ಹಾಗೆಯೇ ಅರ್ಧ ಗಂಟೆಯ ಲೆಕ್ಕದ್ದು, ಆದರೆ ಪಶ್ಚಿಮಕ್ಕೆ. ಇಂಗ್ಲೆಂಡಿಗಿಂತ ಮೂರೂವರೆ ಗಂಟೆ ಹಿಂದೆ. ನಮಗೆ ಬಿಟ್ಟುಹೋದ ಅರ್ಧ ಗಂಟೆಯನ್ನು ಕೂಡಿಸುವ ನನ್ನ ನಾಲ್ಕು ಸಾಲು ಅವರಿಗೆ ಅರ್ಧ ಗಂಟೆ ಹೆಚ್ಚಾಗಿ ಕಳೆಯುತ್ತಿತ್ತು. ನಮ್ಮೂರಿನವರನ್ನು ಜೂನ್ ಒಂದಕ್ಕೆ ತರುವ ಭರದಲ್ಲಿ ಕಾಣದ ಊರಿನವರನ್ನು ಹಿಂದಿನ ದಿನಕ್ಕೆ ನೂಕಿದ್ದೆ.

ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಬ್ರೌಸರಿನ ಮುಂದಿನ ಆವೃತ್ತಿ ಸೋಮವಾರ ಜಗತ್ತಿಗೆಲ್ಲ ಹೊರಡುವುದಿತ್ತು. ಪರೀಕ್ಷಾ ಆವೃತ್ತಿಯನ್ನು ಬಳಸುವವರು ಕೆಲವರು, ಇದನ್ನು ಬಳಸುವವರು ಲೆಕ್ಕವಿಲ್ಲದಷ್ಟು ಜನ. ಪರಿಶೀಲಕರಿಗೆ 'ತಪ್ಪು ನನ್ನದೇ, ತಿದ್ದಿ ಕಳಿಸುತ್ತೇನೆ' ಎಂದು ಎರಡು ಸಾಲು ಬರೆದು ಕಳಿಸುವಷ್ಟರಲ್ಲಿ ಕರೆಂಟು ಹೋಯಿತು. ಮೇಲ್ ಹೋಯಿತೋ ಇಲ್ಲವೋ ತಿಳಿಯಲಿಲ್ಲ. ಶನಿವಾರ ಅರ್ಧ ದಿನ. ಕಾಲೇಜಿನ ಬಾಗಿಲು ಹಾಕುವವರೆಗೂ ಕರೆಂಟು ಬರಲಿಲ್ಲ. ಬಸವಕಲ್ಯಾಣಕ್ಕೆ ಬಂದರೆ, ರಸ್ತೆ ಅಗೆಯುವಾಗ ಕೇಬಲ್ ತುಂಡಾಗಿ ನಮ್ಮ ಓಣಿಯ ಫೋನುಗಳೆಲ್ಲ ಸತ್ತಿದ್ದವು.

ಆ ಸಂಜೆ ಊಟಕ್ಕೆ ಕೂತಾಗ ನನ್ನ ಮುಖ ನೋಡಿ ಅತ್ತೆ ಕೇಳಿದರು, "ಏನಾಗ್ಯಾದ?"

ಹೇಳಿದೆ. ಗಡಿಯಾರ, ದ್ವೀಪ, ಹುಟ್ಟಿದ ದಿನ, ಎಲ್ಲ. ಎಷ್ಟು ತಿಳಿಯಿತೋ ಗೊತ್ತಿಲ್ಲ. ಕೊನೆಗೆ ಒಂದೇ ಮಾತು ಕೇಳಿದರು.

"ತಪ್ಪು ನಿಂದೇ ಏನು?"

"ಹೌದ್ರಿ ಅತ್ತಿ. ನಂದೇ."

"ಅಂದ್ರ ನಾಳೆ ಹೋಗಿ ನೆಟ್ಟಗ ಮಾಡಿ ಬಾ. ಐತವಾರ ಅದ ಅಂತ ಕೂಡ್ರಬ್ಯಾಡ. ನಾನೂ ಬರ್ತೀನಿ. ಅಲ್ಲೀ ವೀರಭದ್ರ ದೇವರ ಗುಡಿಗಿ ಹೋಗದೆ ಭಾಳ ದಿನ ಆಯ್ತು."

ಮರುದಿನ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದೆವು. ಅತ್ತೆ ಕಿಟಕಿಯ ಪಕ್ಕ ಕೂತು ಹೆದ್ದಾರಿಯ ಬಂಗ್ಲಾ ಕ್ರಾಸ್ ದಾಟುವವರೆಗೂ ತೊಗರಿ ಹೊಲಗಳನ್ನು ನೋಡುತ್ತ, ಯಾರದು ಚೆನ್ನಾಗಿ ಬಂದಿದೆ, ಯಾರದು ಬಂದಿಲ್ಲ ಎಂದು ಹೇಳುತ್ತಿದ್ದರು. ನಾನು ಹಾಳೆಯ ಮೇಲೆ ಭಾಗಾಕಾರ ಮಾಡುತ್ತಿದ್ದೆ. ಹುಮನಾಬಾದಿನಲ್ಲಿ ಇಳಿದು ಮೊದಲು ಹೆಡ್ ಕ್ಲಾರ್ಕ್ ಸಾಹೇಬರ ಮನೆಗೆ ಹೋದೆವು. ಕಾಲೇಜಿನ ಬೀಗದ ಕೈ ಅವರ ಹತ್ತಿರ ಇರುತ್ತಿತ್ತು. ಅವರು ಅಂಗಳದಲ್ಲಿ ಗಡ್ಡ ಕೆರೆಯುತ್ತಿದ್ದರು, ಅರ್ಧ ಮುಖ ಸಾಬೂನು.

ವಿಷಯ ಕೇಳಿ, "ಅಂದ್ರ ಅಲ್ಲೀನೂ ಜೂನ್ ಒಂದ್ರವ್ರು ಅದಾರ?" ಎಂದರು.

"ಅವರಿಗೆ ಖರೇ ಹುಟ್ಟಿದ ದಿನಾನೇ ಬರ್ದಾರ್ರಿ. ನಾ ಕೆಡಿಸೀನಿ."

"ಅಯ್ಯ, ಖರೇದನ್ನ ಕೆಡಿಸಿದ್ರ ಹ್ಯಾಂಗ! ಜರಾ ನಿಲ್ರಿ." ಉಳಿದರ್ಧ ಗಡ್ಡವನ್ನು ಬೇಗ ಬೇಗ ಕೆರೆದು, ಮುಖ ಒರೆಸಿಕೊಳ್ಳುತ್ತಲೇ ಬೀಗದ ಕೈ ತೆಗೆದುಕೊಂಡು ನಡೆದರು. ಅತ್ತೆ ಗುಡಿಯ ದಾರಿ ಹಿಡಿದರು.

ಕರೆಂಟು ಇತ್ತು. ಯಂತ್ರ ಶುರು ಮಾಡಿ ನನ್ನ ನಾಲ್ಕು ಸಾಲುಗಳ ಮುಂದೆ ಕೂತೆ. ಅವುಗಳನ್ನೇ ಅತ್ತಿತ್ತ ಬಗ್ಗಿಸಿ ಸರಿಮಾಡಲು ಒಂದು ಗಂಟೆ ಒದ್ದಾಡಿದೆ. ಪಶ್ಚಿಮ ಸರಿಯಾದರೆ ಪೂರ್ವ ಕೆಡುತ್ತಿತ್ತು. ಬೆವರತೊಡಗಿದೆ. ಸಾಹೇಬರು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ನಾನು ಮೂರನೇ ಸಲ ಉಸ್ಸೆಂದಾಗ ತಲೆ ಎತ್ತಿದರು.

"ಎಲ್ಲಿ ತಕ್ಲೀಫ್ ಆಗಾಕತ್ತದ್ರಿ?"

"ಗಂಟೆ ಮಾಡಿದಾಗ ಅರ್ಧ ಉಳೀತದ್ರಿ. ಆ ಅರ್ಧ ಎತ್ತಾಗ ಹಾಕಬೇಕು ಅನ್ನೂದೇ ತಿಳೀವಲ್ದು."

"ಮತ್ತ ಗಂಟೆ ಯಾಕ ಮಾಡ್ತೀರಿ? ನಿಮಿಷದಾಗೇ ಇಡ್ರಿ."

ಅವರಿಗೆ ಅದು ಸಹಜವಾದ ಮಾತು. ನಾನು ಕೋಡನ್ನು ಮೇಲಿಂದ ಮತ್ತೆ ಓದಿದೆ. ನಿಜ, ಗಂಟೆ ಮಾಡುವ ಅಗತ್ಯವೇ ಇರಲಿಲ್ಲ. ಮೊದಲು ಬರೆದವರು ಮಾಡಿದ್ದರೆಂದು ನಾನೂ ಮಾಡಿದ್ದೆ. ಭಾಗಾಕಾರವನ್ನೇ ತೆಗೆದುಹಾಕಿದೆ. ನನ್ನ ನಾಲ್ಕು ಸಾಲು ಹೋದವು, ಅದಕ್ಕೂ ಹಿಂದಿನ ಹನ್ನೊಂದು ಸಾಲು ಹೋದವು, ಅವುಗಳ ಜಾಗದಲ್ಲಿ ಎರಡು ಉಳಿದವು.

ಈ ಸಲ ಅವಸರ ಮಾಡಲಿಲ್ಲ. ಅರ್ಧ ಗಂಟೆಯ ದೇಶಗಳನ್ನೆಲ್ಲ ಹುಡುಕಿ ಬರೆದೆ, ಮುಕ್ಕಾಲು ಗಂಟೆಯ ನೇಪಾಳವನ್ನೂ ಸೇರಿಸಿದೆ. ಪ್ರತಿಯೊಂದಕ್ಕೂ ಒಂದು ಪರೀಕ್ಷೆ. ಆ ದ್ವೀಪಕ್ಕೆ ಮೂರು. ಒಂದೊಂದೇ ಸರಿ ಎಂದು ಬಂದಾಗ ಸಾಹೇಬರು ಪೇಪರು ಮಡಚಿಟ್ಟು ಪಕ್ಕದಲ್ಲಿ ಬಂದು ಕೂತು, ಹಾಜರಿ ಕರೆದ ಹಾಗೆ ದೇಶಗಳ ಹೆಸರು ಕೇಳುತ್ತ ಪೆನ್ಸಿಲಿನಿಂದ ಗೆರೆ ಹಾಕುತ್ತ ಹೋದರು. ಅಷ್ಟರಲ್ಲಿ ಅತ್ತೆ ಪ್ರಸಾದ ತಂದರು. ಮೂರೂ ಜನ ಲ್ಯಾಬಿನ ಹೊಸ್ತಿಲಲ್ಲಿ ಕೂತು ತಿಂದೆವು.

ಮೂರು ಗಂಟೆಯ ಸುಮಾರಿಗೆ ಆಫೀಸಿನ ಫೋನ್ ಲೈನನ್ನು ಹಚ್ಚಿ ಪ್ಯಾಚ್ ಕಳಿಸಿದೆ. ಹೋಯಿತೆಂದು ಖಾತ್ರಿ ಮಾಡಿಕೊಂಡೆ. ಹೊಸ ಮೇಲ್ ಇಳಿಸಿಕೊಳ್ಳುವ ಮೊದಲೇ ಲೈನು ಕಡಿಯಿತು, ಮತ್ತೆ ಹತ್ತಲಿಲ್ಲ. ಉತ್ತರ ಏನೆಂದು ತಿಳಿಯಲು ಸೋಮವಾರದವರೆಗೆ ಕಾಯಬೇಕಿತ್ತು. ಪರಿಶೀಲಕರು ನೋಡದಿದ್ದರೆ? ಅವರಿಗೂ ಅದು ಭಾನುವಾರವೇ ಅಲ್ಲವೇ? ಮರಳುವ ಬಸ್ಸಿನಲ್ಲಿ ಅತ್ತೆ ನನ್ನ ಕೈಚೀಲವನ್ನು ತಾವೇ ಹಿಡಿದುಕೊಂಡಿದ್ದರು.

ಸೋಮವಾರ ಮೊದಲ ಬಸ್ಸಿಗೇ ಹೋದೆ. ಸಾಹೇಬರು ಆಗಲೇ ಬಂದು ಲ್ಯಾಬ್ ತೆರೆದು ನಿಂತಿದ್ದರು. ಮೇಲ್ ನಿಧಾನವಾಗಿ ಇಳಿಯಿತು. ಪರಿಶೀಲಕರದು ಎರಡು ಪತ್ರ ಇತ್ತು. ಮೊದಲನೆಯದು ಶನಿವಾರದ್ದೇ. ನನ್ನ ಎರಡು ಸಾಲು ಅವರಿಗೆ ತಲುಪಿತ್ತು! ಅವರು ಬರೆದಿದ್ದರು: 'ದೂರು ನೋಡಿದ ತಕ್ಷಣ ನಿಮ್ಮ ತಿದ್ದುಪಡಿಯನ್ನು ಸದ್ಯಕ್ಕೆ ಹಿಂದೆಗೆದಿದ್ದೇನೆ. ಸೋಮವಾರದ ಆವೃತ್ತಿಯಲ್ಲಿ ಅದು ಇರುವುದಿಲ್ಲ. ನೀವು ಚಿಂತೆ ಮಾಡುತ್ತಿರಬಹುದು ಎಂದು ಬೇಗ ಬರೆಯುತ್ತಿದ್ದೇನೆ. ನಾನು ಒಪ್ಪಿದ್ದರಿಂದಲೇ ಅದು ಒಳಗೆ ಹೋದದ್ದು, ಹಾಗಾಗಿ ತಪ್ಪಿನಲ್ಲಿ ನನಗೂ ಪಾಲಿದೆ. ಹಿಂದೆಗೆಯುವುದು ಅವಮಾನವಲ್ಲ, ನಾವೆಲ್ಲ ಮಾಡುತ್ತೇವೆ.'

ಎರಡನೆಯ ಪತ್ರದಲ್ಲಿ ಒಂದೇ ಸಾಲು. 'ಹೊಸದು ಬಹಳ ಚೆನ್ನಾಗಿದೆ, ಮುಂದಿನ ಆವೃತ್ತಿಗೆ ಸೇರಿಸುತ್ತೇನೆ.'

ಶನಿವಾರದಿಂದ ಎದೆಯ ಮೇಲೆ ಯಾರೋ ಬೀಸುಕಲ್ಲು ಇಟ್ಟ ಹಾಗಿತ್ತು, ಅದು ಇಳಿಯಿತು. ನಾನು ಬಸ್ಸಿನಲ್ಲಿ ಭಾಗಾಕಾರ ಮಾಡುತ್ತಿದ್ದಾಗ ಸೋಮವಾರದ ಆವೃತ್ತಿ ಆಗಲೇ ಸರಿಯಾಗಿತ್ತು. ನನ್ನ ತಪ್ಪಿನಿಂದ ಯಾರಿಗೂ ಕೇಡಾಗಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಸಾಹೇಬರು ಗಾಬರಿಯಾದರು.

"ಏನ್ರಿ, ಬೈದಾರೇನು?"

"ಇಲ್ರಿ ಸಾಹೇಬ್ರ. ಫಿಕರ್ ಮಾಡಬ್ಯಾಡ ಅಂತ ಬರ್ದಾರ."

"ಮತ್ತ ಅಳ್ತೀರಿ ಯಾಕ? ಚಾ ತರಸ್ತೀನಿ ತಡೀರಿ."

ನಮ್ಮವರ ತಾರೀಖು ಮಾತ್ರ ಮುಂದಿನ ಆವೃತ್ತಿ ಬರುವವರೆಗೆ ಮೇ ಮೂವತ್ತೊಂದರಲ್ಲೇ ಉಳಿಯಿತು. ಸಾಹೇಬರನ್ನು ಕೇಳಿದೆ, ನಮ್ಮ ಯಂತ್ರಗಳಲ್ಲಿ ನಾನು ತಿದ್ದಿದ್ದನ್ನೇ ಹಾಕಿ ಪಟ್ಟಿ ಮಾಡಿಕೊಡಲೇ ಎಂದು. ಬೇಡ, ಎಲ್ಲರಿಗೂ ಬಂದಾಗಲೇ ನಮಗೂ ಬರಲಿ ಎಂದರು. ಅಲ್ಲಿಯವರೆಗೆ ತಮ್ಮ ಕೈಬರಹದ ಪಟ್ಟಿಯನ್ನೇ ಬೋರ್ಡಿಗೆ ಹಚ್ಚಿದರು. ಅದರ ಅಕ್ಷರ ನನ್ನ ಮುದ್ರಿತ ಪಟ್ಟಿಗಿಂತ ಸುಂದರವಾಗಿತ್ತು. ಹೊಸ ಆವೃತ್ತಿಯ ಸಿ.ಡಿ. ಬಂದ ದಿನ ಅವರೇ ಖುದ್ದಾಗಿ ಒಂದೊಂದು ಹೆಸರಿನ ಮೇಲೆ ಬೆರಳಿಟ್ಟು ಓದಿ, ಕೊನೆಯಲ್ಲಿ 'ತಪಾಸಣೆ ಮಾಡಿದೆ' ಎಂದು ಬರೆದು ಸಹಿ ಹಾಕಿದರು. ಗ್ರಂಥಪಾಲಕಿಯಿಂದಲೂ ಪತ್ರ ಬಂತು. ಅವಳ ಊರಿನವರು ತಮ್ಮ ತಮ್ಮ ದಿನಕ್ಕೆ ಮರಳಿದ್ದರಂತೆ.

ಆ ಕಡತವನ್ನು ನಾನು ಮುಂದೆ ಆರೇಳು ವರ್ಷ ನೋಡಿಕೊಂಡೆ. ತಪ್ಪುಗಳನ್ನು ಆಮೇಲೂ ಮಾಡಿದೆ. ಆದರೆ ಒಂದು ಸಾಲನ್ನು ಹಾಕುವ ಮೊದಲು, ಇದನ್ನು ತೆಗೆಯುವುದಾದರೆ ಹೇಗೆ ಎಂದು ಯೋಚಿಸುವ ರೂಢಿಯಾಗಿತ್ತು. ಸಾಹೇಬರು ನಿವೃತ್ತರಾದರು, ನಮ್ಮ ಮನೆಗೆ ವೇಗದ ಲೈನು ಬಂತು, ಅತ್ತೆಯ ಮೊಣಕಾಲು ಕೈಕೊಟ್ಟು ಹುಮನಾಬಾದಿನ ಪ್ರಯಾಣ ನಿಂತಿತು.

ಕೊನೆಗೊಂದು ದಿನ ಪರಿಶೀಲಕರಿಂದ ಪತ್ರ ಬಂತು. ಎಂಜಿನ್ನಿನಲ್ಲಿ ತಾರೀಖಿನ ಭಾಗವನ್ನು ಇಬ್ಬರು ಹೊಸಬರು ಬುಡದಿಂದ ಮತ್ತೆ ಬರೆದಿದ್ದಾರೆ, ಹಳೆಯ ಕಡತವನ್ನು ತೆಗೆದುಹಾಕುತ್ತೇವೆ, ನಿಮ್ಮ ಅಭ್ಯಂತರ ಇದೆಯೇ ಎಂದು ಕೇಳಿದ್ದರು. ಹೊಸ ಕೋಡನ್ನು ಇಳಿಸಿಕೊಂಡು ನನ್ನ ಪರೀಕ್ಷೆಗಳನ್ನೆಲ್ಲ ಅದರ ಮೇಲೆ ಓಡಿಸಿದೆ. ಭಾರತ ಸರಿ, ನೇಪಾಳ ಸರಿ, ದ್ವೀಪ ಸರಿ. ಒಂದೂ ಬೀಳಲಿಲ್ಲ. ಹೊಸಬರು ಒಂದು ಕಡೆಯೂ ನಿಮಿಷಗಳನ್ನು ಗಂಟೆ ಮಾಡಿರಲಿಲ್ಲ.

ಬೇಸರವಾಗಬೇಕಿತ್ತೇನೋ. ಆಗಲಿಲ್ಲ. ಅಭ್ಯಂತರವಿಲ್ಲ ಎಂದು ಬರೆದು ಕಳಿಸಿ ಅಡುಗೆಮನೆಗೆ ಬಂದೆ. ಅತ್ತೆ ತೊಗರಿಬೇಳೆ ಆರಿಸುತ್ತ ಕೂತಿದ್ದರು.

"ನನ್ನ ಕೆಲಸ ಬ್ಯಾರೆಯವ್ರು ತಗೊಂಡ್ರು ಅತ್ತಿ."

"ಚಂದ ಮಾಡ್ತಾರೇನು?"

"ನನಗಿಂತ ಚಂದ ಮಾಡ್ಯಾರ."

"ಮತ್ತ ಛಲೋ ಆಯ್ತಲ್ಲ" ಎಂದು ಮೊರವನ್ನು ನನ್ನ ಕಡೆಗೆ ಸರಿಸಿದರು. ನಾನು ಪಕ್ಕದಲ್ಲಿ ಕೂತು ಹರಳು ಆರಿಸತೊಡಗಿದೆ.